ಭಯದ ಬೇನೆ ಭಕ್ತಿಯ ಕೊರತೆಯಲ್ಲ



“ಕೊರಳಲ್ಲಿ ಇಷ್ಟಲಿಂಗವಿರುವವರಿಗೆ ಭಯವೇಕೆ?” ಎಂಬ ಮಾತನ್ನು ನಾವು ಸುಲಭವಾಗಿ ಆಡಿಬಿಡುತ್ತೇವೆ. ದಾಸೋಹದ ಜನಸಂದಣಿಯ ನಡುವೆ ಹಠಾತ್ತನೆ ಎದೆ ಬಡಿದುಕೊಂಡು, ಉಸಿರು ಕಟ್ಟಿ, ಇನ್ನೇನು ಪ್ರಾಣ ಹೋಯಿತೆಂದು ತತ್ತರಿಸುವವರಿಗೆ ಈ ಮಾತು ಆರೋಪದಂತೆ ಕೇಳಿಸುತ್ತದೆ. ನಾಚಿಕೆಯಿಂದ ಅವರು ಮಠಕ್ಕೆ ಬರುವುದನ್ನೇ ಬಿಡುತ್ತಾರೆ.

ವೈದ್ಯರು ಪ್ಯಾನಿಕ್ ಡಿಸಾರ್ಡರ್ ಎಂದು ಕರೆಯುವ ಈ ಬೇನೆಯನ್ನು 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿತು. ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ ಅವರು 1986ರಲ್ಲಿ ಇದರ ಒಳಸುಳಿಯನ್ನು ವಿವರಿಸಿದರು. ಎದೆಬಡಿತವನ್ನು ಹೃದಯಾಘಾತವೆಂದು ತಪ್ಪಾಗಿ ಗ್ರಹಿಸಿದೊಡನೆ ಭಯವು ಹೆಚ್ಚುತ್ತದೆ. ಆ ಭಯದಿಂದ ಬಡಿತವು ಮತ್ತಷ್ಟು ಹೆಚ್ಚುತ್ತದೆ. ಆ ಸ್ಥಳದಿಂದ ಓಡಿಹೋದರೆ ತತ್ಕಾಲಕ್ಕೆ ನೆಮ್ಮದಿ ದೊರೆಯುವುದಾದರೂ, ‘ಓಡಿದ್ದರಿಂದಲೇ ಬದುಕಿದೆ’ ಎಂಬ ತಪ್ಪು ಪಾಠವು ಮನಸ್ಸಿನಲ್ಲಿ ಬೇರೂರುತ್ತದೆ.

ವರ್ತನಾ ಚಿಕಿತ್ಸೆಯು ತಿದ್ದುವುದು ಈ ಪಾಠವನ್ನೇ. ಹೃದಯ, ಥೈರಾಯ್ಡ್ ಮುಂತಾದ ದೋಷಗಳಿಲ್ಲವೆಂದು ವೈದ್ಯರು ಖಚಿತಪಡಿಸಿದ ಬಳಿಕ, ಚಿಕಿತ್ಸಕರ ಮಾರ್ಗದರ್ಶನದಲ್ಲಿ ನಿಂತಲ್ಲೇ ಓಡಿ ಎದೆಬಡಿತವನ್ನೂ, ತಿರುಗುವ ಕುರ್ಚಿಯಲ್ಲಿ ಕುಳಿತು ತಲೆಸುತ್ತನ್ನೂ ತಾವಾಗಿಯೇ ಬರಿಸಿಕೊಳ್ಳುತ್ತಾರೆ. ಅವು ಬಂದು ತಾವಾಗಿಯೇ ಇಳಿಯುವುದನ್ನು ಅನುಭವದಿಂದ ಅರಿಯುತ್ತಾರೆ. ಹೋಗುವುದನ್ನೇ ಬಿಟ್ಟಿದ್ದ ಬಸ್ಸು, ಸಂತೆ, ಜಾತ್ರೆಗಳಿಗೆ ಹಂತಹಂತವಾಗಿ ಮರಳುತ್ತಾರೆ. ಕೇಳಿದ ಮಾತಿಗಿಂತ ಕಂಡುಂಡ ಅರಿವನ್ನೇ ಹಿರಿದೆಂದ ಶರಣರ ಮಕ್ಕಳಿಗೆ ಈ ದಾರಿ ಪರಕೀಯವೆನಿಸಬಾರದು. ಪ್ರತಿದಿನ ಬಿಡದೆ ಮಾಡಬೇಕಾದ ಈ ಅಭ್ಯಾಸವೂ ಒಂದು ಕಾಯಕವೇ ಸರಿ.

ಇಲ್ಲೊಂದು ಸೂಕ್ಷ್ಮವಿದೆ. ಜೊತೆಗೊಬ್ಬರಿಲ್ಲದೆ ಹೊರಡದಿರುವುದು, ಸದಾ ಬಾಗಿಲ ಬಳಿಯೇ ಕೂರುವುದು ಮುಂತಾದ ಆಸರೆಗಳು ಭಯವನ್ನು ಉಳಿಸಿಯೇ ಬಿಡುತ್ತವೆ ಎನ್ನುತ್ತಾರೆ ಚಿಕಿತ್ಸಕರು. ಎದೆ ಬಡಿದಾಗಲೆಲ್ಲ ‘ಇದನ್ನು ಹಿಡಿಯದಿದ್ದರೆ ಸಾಯುವೆ’ ಎಂದು ಕರಡಿಗೆಯನ್ನು ಅವುಚಿಕೊಂಡರೆ ಇಷ್ಟಲಿಂಗವನ್ನೂ ನಾವು ತಾಯಿತವಾಗಿಸಿದಂತೆಯೇ. ಲಿಂಗಪೂಜೆಯು ಅರಿವಿನ ಸಾಧನೆ. ನಿತ್ಯಪೂಜೆಯು ಎಂದಿನಂತೆ ನಡೆಯಲಿ. ಬೇನೆಗೆ ಚಿಕಿತ್ಸೆಯೂ ನಡೆಯಲಿ. ವೈದ್ಯರು ಕೊಟ್ಟ ಮಾತ್ರೆಗಳನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ಚಿಕಿತ್ಸೆಯುಂಟು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ (14416) ಕರೆಮಾಡಿ ಕನ್ನಡದಲ್ಲಿಯೇ ಉಚಿತವಾಗಿ ಸಲಹೆ ಪಡೆಯಬಹುದು.

ಮುಂದಿನ ಪ್ರಾರ್ಥನಾ ಸಭೆಯಲ್ಲಿ ಯಾರಾದರೂ ನಡುವೆಯೇ ಎದ್ದು ಹೊರನಡೆದರೆ ಅವರ ಭಕ್ತಿಯನ್ನು ಅಳೆಯದಿರೋಣ. ಅವರು ಮರಳಿ ಬಂದಾಗ ಪಕ್ಕದಲ್ಲಿ ಜಾಗ ಮಾಡಿಕೊಡೋಣ.