ಗಾಲಿ ಮನೆ ಹಡಗು ಹತ್ತುವ ಮುನ್ನ

ಅಮೆರಿಕದಲ್ಲಿ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಗಾಲಿ ಮನೆಗೆ ಟ್ರಾವೆಲ್ ಟ್ರೇಲರ್ ಅನ್ನುತ್ತಾರೆ. ಒಳಗೇ ಹಾಸಿಗೆ, ಅಡುಗೆಮನೆ, ಶೌಚಾಲಯ. ಅದನ್ನೇ ಹಡಗಿನಲ್ಲಿ ತರಿಸಿ, ಸಂತೆಮರಹಳ್ಳಿ ಪಕ್ಕದ ಹೊಲದಲ್ಲಿ ನಿಲ್ಲಿಸಿ, ವರ್ಷಕ್ಕೆ ಮೂರು ತಿಂಗಳು ಇರೋಣ ಎಂದು ಅಲ್ಲಿರುವ ನಮ್ಮವರಿಗೆ ಅನ್ನಿಸಬಹುದು. ತರಬೇಡಿ ಅನ್ನುವುದೇ ನನ್ನ ಮಾತು.

ಮೊದಲು ದಾರಿ ನೋಡಿ. ದೊಡ್ಡ ಟ್ರೇಲರಿನ ಅಗಲ ಎಂಟೂವರೆ ಅಡಿ. ಮಾಮೂಲಿ ಕಂಟೇನರಿನ ಒಳಗಲ ಎಂಟಡಿಯೂ ಇಲ್ಲ. ವಾಹನ ಸಾಗಿಸುವ ಹಡಗೇ ಬೇಕು. ಕೊಚ್ಚಿಯಲ್ಲಿ ಇಳಿಸಿ ವಯನಾಡಿನ ಮೇಲೆ ತಂದರೆ ತಾಮರಶ್ಶೇರಿ ಘಾಟಿಯ ಒಂಬತ್ತು ಹೇರ್‌ಪಿನ್ ತಿರುವು, ಆಮೇಲೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುವ ಬಂಡೀಪುರದ ರಸ್ತೆ. ಚೆನ್ನೈನಲ್ಲಿ ಇಳಿಸಿದರೆ ಆ ಘಾಟಿ ತಪ್ಪೀತು. ಸುಂಕ, ಆರ್‌ಟಿಒ ತಪ್ಪುವುದಿಲ್ಲ.

ಬಂದ ಮೇಲೂ ತಾಪತ್ರಯ. ಅಲ್ಲಿನ ಕರೆಂಟು 120 ವೋಲ್ಟ್, ನಮ್ಮದು 230. ಅಲ್ಲಿ ಗಾಡಿ ಬಲಗಡೆ ಓಡುವುದರಿಂದ ಬಾಗಿಲೂ ಬಲಕ್ಕೆ. ನಮ್ಮ ರಸ್ತೆ ಬದಿ ನಿಲ್ಲಿಸಿದರೆ ಬಸ್ಸು, ಲಾರಿ ಓಡಾಡುವ ಕಡೆಗೇ ಇಳಿಯಬೇಕು. ಶೌಚದ ಟ್ಯಾಂಕು ಖಾಲಿ ಮಾಡಲು ಅಲ್ಲಿನ ಕ್ಯಾಂಪುಗಳಲ್ಲಿ ಜಾಗವಿರುತ್ತದೆ. ಇಲ್ಲಿ ಗುಂಡಿ ನೀವೇ ತೋಡಿಸಬೇಕು. ಬಯಲಿಗೆ ಬಿಟ್ಟರೆ ಪಕ್ಕದವರ ಬಾವಿ ನೀರಿಗೇ ಕುತ್ತು.

ಗುಂಡಿ, ನೀರು, ಕರೆಂಟು ಎಲ್ಲಾ ಮಾಡಿಸಿದ ಮೇಲೆ ಗಾಲಿಯಿಂದೇನು ಲಾಭ? ಅದೇ ದುಡ್ಡಲ್ಲಿ ಊರೊಳಗೆ ಬೀಗ ಬಿದ್ದಿರುವ ಅಪ್ಪನ ಮನೆಯ ಹೆಂಚು ಸರಿಮಾಡಿಸಿ. ಗಾರೆಯವರಿಗೆ, ಬಡಗಿಗೆ ಕೆಲಸ ಸಿಗುತ್ತದೆ. ಉಳಿದ ಒಂಬತ್ತು ತಿಂಗಳು ಶಾಲೆಯ ಮೇಷ್ಟ್ರಿಗೋ ನರ್ಸಮ್ಮನಿಗೋ ಬಾಡಿಗೆಗೆ ಕೊಡಿ. ಬಿಸಿಲಿಗೆ ಒಣಗುತ್ತಾ ನಿಲ್ಲುವ ಟ್ರೇಲರಿಗಿಂತ ದೀಪ ಉರಿಯುವ ಮನೆ ಊರಿಗೂ ಒಳ್ಳೆಯದು, ನಿಮಗೂ ಒಳ್ಳೆಯದು.