ವಿಜ್ಞಾನ ವಿಚಾರ: ನೆಲ ಮುಟ್ಟದೆ ಓಡುವ ಬಂಡಿ

ಬಳೆಯಾಕಾರದ ಎರಡು ಅಯಸ್ಕಾಂತಗಳನ್ನು ಸಜಾತಿ ಧ್ರುವಗಳು ಎದುರುಬದುರಾಗುವಂತೆ ಒಂದು ಪೆನ್ಸಿಲಿಗೆ ಪೋಣಿಸಿದರೆ, ಮೇಲಿನದು ಕೆಳಗಿನದನ್ನು ಮುಟ್ಟದೆ ತೇಲಿ ನಿಲ್ಲುವುದನ್ನು ವಾಚಕರ ಮನೆಯ ಮಕ್ಕಳು ಕಂಡು ನಲಿದಿರಬಹುದು. ಪೆನ್ಸಿಲನ್ನು ಹಿರಿದೊಡನೆ ಮೇಲಿನ ಬಳೆಯು ಮಗುಚಿ ಕೆಳಗಿನದಕ್ಕೆ ಅಂಟಿಕೊಳ್ಳುತ್ತದೆ. ಶಾಶ್ವತ ಅಯಸ್ಕಾಂತಗಳ ಬಲವೊಂದರಿಂದಲೇ ಇಂತಹ ವಸ್ತುವನ್ನು ಗಾಳಿಯಲ್ಲಿ ಸ್ಥಿರವಾಗಿ ನಿಲ್ಲಿಸಲಾಗದೆಂಬುದು ೧೮೪೨ರಲ್ಲಿ ಸ್ಯಾಮ್ಯುಯಲ್ ಅರ್ನ್‌ಷಾ ಎಂಬ ಆಂಗ್ಲ ಪಂಡಿತನು ತೋರಿಸಿದ ಗಣಿತದಿಂದ ಸಿದ್ಧವಾಗುತ್ತದೆ.

ಹಾಗಾದರೆ ನೂರಾರು ಜನರನ್ನು ಹೊತ್ತ ಬಂಡಿಯು ತೇಲುವುದೆಂತು? ಇದಕ್ಕೆ ಎರಡು ಉಪಾಯಗಳುಂಟು. ಮೊದಲನೆಯದರ ಮೂಲವು ಜರ್ಮನಿಯ ಹರ್ಮನ್ ಕೆಂಪರನು ೧೯೩೪ರಲ್ಲಿ ಪಡೆದ ಪೇಟೆಂಟು. ಬಂಡಿಯ ತೋಳುಗಳು ದಾರಿಯ ಅಂಚನ್ನು ಬಳಸಿ ಅದರ ಅಡಿಗೆ ಚಾಚಿರುತ್ತವೆ. ಅವುಗಳಲ್ಲಿರುವ ವಿದ್ಯುದಯಸ್ಕಾಂತಗಳು ಮೇಲಿನ ಕಬ್ಬಿಣದತ್ತ ಸೆಳೆಯಲ್ಪಟ್ಟು ಬಂಡಿಯನ್ನೆತ್ತುತ್ತವೆ. ಸುಮಾರು ೧೦ ಮಿಲಿಮೀಟರಿನ ಅಂತರವು ಕಿರಿದಾದರೆ ವಿದ್ಯುತ್ತನ್ನು ತಗ್ಗಿಸಿ, ಹಿರಿದಾದರೆ ಹೆಚ್ಚಿಸಿ, ಯಂತ್ರವು ಕ್ಷಣಕ್ಷಣವೂ ಸರಿಪಡಿಸುತ್ತಿರುತ್ತದೆ. ಷಾಂಘೈ ನಗರದ ವಿಮಾನನಿಲ್ದಾಣಕ್ಕೆ ೨೦೦೪ರಿಂದ ಜನರನ್ನು ಸಾಗಿಸುತ್ತಿರುವ ೩೦ ಕಿಲೋಮೀಟರಿನ ಮಾರ್ಗವು ಈ ಬಗೆಯದು.

ಎರಡನೆಯದು ಜಪಾನರದು. ದ್ರವ ಹೀಲಿಯಂನಿಂದ ಸೊನ್ನೆಗಿಂತ ೨೬೯ ಡಿಗ್ರಿ ಕೆಳಕ್ಕೆ ತಣಿಸಿದ ತಂತಿಸುರುಳಿಗಳಲ್ಲಿ ವಿದ್ಯುತ್ತು ತಡೆಯಿಲ್ಲದೆ ಹರಿಯುತ್ತದೆ. ಬಂಡಿಯು ಓಡುವಾಗ ಈ ಪ್ರಬಲ ಅಯಸ್ಕಾಂತಗಳು ಪಕ್ಕದ ಗೋಡೆಯ ಸುರುಳಿಗಳಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತವೆ. ಆ ವಿದ್ಯುತ್ತೇ ಬಂಡಿಯನ್ನು ೧೦ ಸೆಂಟಿಮೀಟರಿನಷ್ಟು ಮೇಲೆತ್ತುತ್ತದೆ. ವೇಗ ಸಾಲದಿರುವಾಗ ಗಾಲಿಗಳೇ ಗತಿ. ೨೦೧೫ರ ಪರೀಕ್ಷೆಯಲ್ಲಿ ಇದು ಗಂಟೆಗೆ ೬೦೩ ಕಿಲೋಮೀಟರು ಓಡಿತು.

ಗಾಲಿಯ ಸವೆತವಿಲ್ಲವೆಂಬುದು ದೊಡ್ಡ ಲಾಭ. ಆದರೆ ಹಳೆಯ ರೈಲುಹಳಿಗಳು ಇದಕ್ಕೆ ಒದಗವು. ದಾರಿಯನ್ನೆಲ್ಲ ಹೊಸದಾಗಿಯೇ ಕಟ್ಟಬೇಕು. ಯಂತ್ರವೆಷ್ಟೇ ಜಾಣವಾದರೂ ಮನುಷ್ಯನ ಎಚ್ಚರ ತಪ್ಪಬಾರದು. ೨೦೦೬ರಲ್ಲಿ ಜರ್ಮನಿಯ ಎಮ್ಸ್‌ಲಾಂಡಿನ ಪರೀಕ್ಷಾಮಾರ್ಗದಲ್ಲಿ, ದುರಸ್ತಿಯ ಗಾಡಿಯು ದಾರಿಯಲ್ಲಿರುವಾಗಲೇ ಬಂಡಿಯನ್ನು ಬಿಟ್ಟುದರಿಂದ ೨೩ ಮಂದಿ ಮಡಿದರು. ತೇಲಿಸುವ ಯಂತ್ರದಲ್ಲಿ ದೋಷವಿರಲಿಲ್ಲ.

ನಮ್ಮ ಗೃಹಸ್ಥ ವಾಚಕರು ತಿಳಿದಿರಬೇಕಾದ ಇನ್ನೊಂದು ಉಪಯೋಗವುಂಟು. ಬಲಗುಂದಿದ ಹೃದಯಕ್ಕೆ ನೆರವಾಗಿ ಎದೆಯೊಳಗಿಡುವ ಕೆಲವು ಪಂಪುಗಳಲ್ಲಿ ತಿರುಗುವ ಚಕ್ರವು ಅಯಸ್ಕಾಂತಬಲದಿಂದಲೇ ತೇಲುತ್ತದೆ. ಉಜ್ಜಾಟವಿಲ್ಲದುದರಿಂದ ರಕ್ತಕಣಗಳು ನುಗ್ಗಾಗುವುದೂ ಪಂಪಿನಲ್ಲಿ ರಕ್ತ ಹೆಪ್ಪುಗಟ್ಟುವುದೂ ಕಡಿಮೆ. ಆದರೆ ಅದು ನಡೆಯುವುದು ರೋಗಿಯು ಮೈಮೇಲೆ ಹೊತ್ತಿರುವ ಬ್ಯಾಟರಿಗಳಿಂದ. ಅವು ಬರಿದಾಗದಂತೆ ಹಗಲಿರುಳೂ ನೋಡಿಕೊಳ್ಳುವ ಹೊಣೆಯು ಮನೆಯವರದು.