ಎಂ.ಎ. ಅರ್ಥಶಾಸ್ತ್ರ ತರಗತಿಗಳ ಬೋಧನೆ ಮತ್ತು ಪರೀಕ್ಷೆ ಕುರಿತು ವಿದ್ಯಾರ್ಥಿಗಳ ಮನವಿ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ,
ವಿಶ್ವವಿದ್ಯಾಲಯದ ಆಡಳಿತ ಭವನ.

ಇವರಿಂದ,
ಎಂ.ಎ. ಅರ್ಥಶಾಸ್ತ್ರ ಎರಡನೇ ವರ್ಷದ ವಿದ್ಯಾರ್ಥಿಗಳು.

ವಿಷಯ: ಇಕನಾಮೆಟ್ರಿಕ್ಸ್ ಪತ್ರಿಕೆಯ ಬೋಧನೆ, ಪ್ರಶ್ನೆಪತ್ರಿಕೆಯ ಕನ್ನಡ ಅನುವಾದ ಹಾಗೂ ಮೌಲ್ಯಮಾಪನದಲ್ಲಿನ ಲೋಪಗಳನ್ನು ಸರಿಪಡಿಸುವಂತೆ ಕೋರಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಕಳೆದ ಸೆಮಿಸ್ಟರಿನ ಇಕನಾಮೆಟ್ರಿಕ್ಸ್ ಪರೀಕ್ಷೆಯಲ್ಲಿ ಸರಳ ರಿಗ್ರೆಶನ್ ಮಾದರಿಯನ್ನು ಉದಾಹರಣೆಯೊಂದಿಗೆ ವಿವರಿಸಲು ಕೇಳಲಾಗಿತ್ತು. ಇದು ಇಂಗ್ಲಿಷ್ ಪ್ರಶ್ನೆ. ಅದರ ಕೆಳಗೆ ಅಚ್ಚಾಗಿದ್ದ ಕನ್ನಡ ಪ್ರಶ್ನೆಯಲ್ಲಿ ರಿಗ್ರೆಶನ್ ಹೋಗಿ ‘ಹಿಂಜರಿತ’ವಾಗಿತ್ತು. ದಿನಪತ್ರಿಕೆ ಓದುವ ಯಾರಿಗೇ ಆಗಲಿ, ಹಿಂಜರಿತ ಎಂದರೆ ರಿಸೆಶನ್. ಹಾಗಾಗಿ ನಮ್ಮಲ್ಲಿ ಹಲವರು 2008ರಲ್ಲಿ ಲೇಮನ್ ಬ್ರದರ್ಸ್ ದಿವಾಳಿಯಾದದ್ದು, ಅದರ ಬೆನ್ನಿಗೆ ರಫ್ತು ಕುಸಿದದ್ದು, ಜನ ಕೆಲಸ ಕಳೆದುಕೊಂಡದ್ದು ಎಲ್ಲವನ್ನೂ ಮೂರು ಮೂರು ಪುಟ ಬರೆದು ಬಂದೆವು. ಸಿಕ್ಕಿದ್ದು ಸೊನ್ನೆ. ವಿಚಾರಿಸಲು ಹೋದಾಗ, ‘ಅನುವಾದದಲ್ಲಿ ಗೊಂದಲವಿದ್ದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ’ ಎಂಬ ಸೂಚನೆ ಮೊದಲ ಪುಟದಲ್ಲೇ ಇದೆಯಲ್ಲ ಎಂದರು. ಇದೆ, ಇಲ್ಲವೆನ್ನುವುದಿಲ್ಲ. ಇಡೀ ಪತ್ರಿಕೆಯಲ್ಲಿ ತಪ್ಪಿಲ್ಲದ ಕನ್ನಡದಲ್ಲಿ ಅಚ್ಚಾಗಿರುವುದು ಆ ಸೂಚನೆಯೊಂದೇ.

ಈ ಅನುವಾದದ ತಪ್ಪನ್ನು ಬರೀ ಅಚ್ಚಿನ ದೋಷವೆಂದು ಬದಿಗಿಡಬಾರದಾಗಿ ಪ್ರಾರ್ಥನೆ. ರಿಗ್ರೆಶನ್ ಎಂದರೇನೆಂದು ತರಗತಿಯಲ್ಲಿ ನಮಗೆ ಮನದಟ್ಟಾಗಿದ್ದರೆ ಆ ಪ್ರಶ್ನೆ ನೋಡಿದ ಕೂಡಲೇ ಅನುಮಾನ ಬರುತ್ತಿತ್ತು. ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದೇ ನಮ್ಮ ಮನವಿಯ ಮುಖ್ಯ ಭಾಗ.

ಆ ಒಂದು ಪತ್ರಿಕೆಗೆ ಒಂದೇ ಸೆಮಿಸ್ಟರಿನಲ್ಲಿ ಮೂವರು ಅತಿಥಿ ಉಪನ್ಯಾಸಕರು ಬಂದು ಹೋದರು. ಮೊದಲ ನಾಲ್ಕು ವಾರ ಯಾರೂ ಇರಲಿಲ್ಲ, ನೇಮಕದ ಆದೇಶವೇ ಬಂದಿರಲಿಲ್ಲ. ಆಮೇಲೆ ಬಂದವರು ಈರುಳ್ಳಿಯಿಂದ ಪಾಠ ಶುರುಮಾಡಿದರು. ಎಪಿಎಂಸಿಯಲ್ಲಿ ದಿನಕ್ಕೆ ಎಷ್ಟು ಚೀಲ ಬಂತು, ಕ್ವಿಂಟಲ್‌ಗೆ ಎಷ್ಟು ದರ ಸಿಕ್ಕಿತು ಎಂದು ನಮ್ಮಿಂದಲೇ ಬರೆಸಿ ತರಿಸಿ, ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಡಿಸಿ, ನಡುವೆ ಒಂದು ಗೆರೆ, ಅಂದರೆ ರಿಗ್ರೆಶನ್ ಗೆರೆ, ಎಳೆಸಿದರು. ಚೀಲ ಹೆಚ್ಚಿದ ಹಾಗೆ ದರ ಇಳಿಯುವುದನ್ನು ಆ ಗೆರೆ ತೋರಿಸುತ್ತಿತ್ತು. ಗೆರೆಗೂ ಚುಕ್ಕಿಗೂ ಇರುವ ಅಂತರವನ್ನು ಬೆರಳಿಟ್ಟು ತೋರಿಸಿ, ‘ನಿಮ್ಮ ಲೆಕ್ಕಕ್ಕೆ ಸಿಗದೆ ಉಳಿದದ್ದು ಇದು’ ಎಂದರು. ಬಿ.ಎ.ಯನ್ನು ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ಗಣಿತವನ್ನೇ ತೆಗೆದುಕೊಳ್ಳದೆ ಬಂದ ನಮಗೆ ಅಂದು ವಿಷಯ ಅರ್ಥವಾಗತೊಡಗಿತು. ಎರಡು ತಿಂಗಳ ಗೌರವಧನ ಬಾಕಿ ಉಳಿದ ಮೇಲೆ ಅವರು ಬೇರೆ ಕೆಲಸ ನೋಡಿಕೊಂಡರು. ಅವರನ್ನು ದೂರುವ ಮನಸ್ಸು ನಮ್ಮಲ್ಲಿ ಯಾರಿಗೂ ಇಲ್ಲ. ಅವರ ನಂತರ ಬಂದ ಇಬ್ಬರೂ ಉಳಿದ ಸಮಯದಲ್ಲಿ ಸಿಲಬಸ್ ಮುಗಿಸಲೇಬೇಕಾಗಿದ್ದರಿಂದ ಇಂಗ್ಲಿಷ್ ನೋಟ್ಸ್ ಓದಿ ಹೇಳಿದರು, ನಾವು ಬರೆದುಕೊಂಡೆವು. ರಿಗ್ರೆಶನ್ನಿಗೆ ಒಬ್ಬರು ಹೇಳಿದ ಕನ್ನಡ ಪದ ಇನ್ನೊಬ್ಬರದಲ್ಲ. ಪ್ರಶ್ನೆಪತ್ರಿಕೆಯದು ಆ ಎರಡೂ ಅಲ್ಲ.

ಆದ್ದರಿಂದ ನಮ್ಮ ಮೊದಲ ಬೇಡಿಕೆ, ಆ ಪ್ರಶ್ನೆಗೆ ಕನ್ನಡದಲ್ಲಿ ಉತ್ತರಿಸಿದ ಎಲ್ಲರಿಗೂ ಪೂರ್ಣ ಅಂಕ ನೀಡಿ ಫಲಿತಾಂಶವನ್ನು ಪರಿಷ್ಕರಿಸಬೇಕು. ಇದಕ್ಕಾಗಿ ಉತ್ತರಪತ್ರಿಕೆಯ ಜೆರಾಕ್ಸ್‌ಗೂ ಮರುಮೌಲ್ಯಮಾಪನಕ್ಕೂ ನಮ್ಮಿಂದ ಶುಲ್ಕ ಕಟ್ಟಿಸಿಕೊಳ್ಳಬಾರದು. ತಪ್ಪು ನಮ್ಮದಲ್ಲ.

ಕನ್ನಡ ಪ್ರಶ್ನೆಗಳನ್ನು ಅಚ್ಚಿಗೆ ಕಳಿಸುವ ಮುನ್ನ, ವಿಷಯವನ್ನೂ ಕನ್ನಡವನ್ನೂ ಬಲ್ಲ ಒಬ್ಬರಿಗೆ ತೋರಿಸುವ ವ್ಯವಸ್ಥೆ ಆಗಬೇಕು. ಜೊತೆಗೆ ಅಧ್ಯಯನ ಮಂಡಳಿಯು ಪ್ರತಿ ಪತ್ರಿಕೆಗೂ ನಾಲ್ಕಾರು ಪುಟದ ಪದಪಟ್ಟಿಯೊಂದನ್ನು ಸೆಮಿಸ್ಟರಿನ ಮೊದಲ ವಾರವೇ ಕೊಡಲಿ. ರಿಗ್ರೆಶನ್ ಎಂಬ ಪದವನ್ನೇ ಕನ್ನಡ ಲಿಪಿಯಲ್ಲಿ ಉಳಿಸಿಕೊಂಡರೂ ನಮ್ಮ ತಕರಾರಿಲ್ಲ. ಪಾಠದಲ್ಲೂ ಪರೀಕ್ಷೆಯಲ್ಲೂ ಪದ ಒಂದೇ ಇದ್ದರೆ ಸಾಕು. ಇಂಗ್ಲಿಷ್ ಮಾಧ್ಯಮದ ಕೋರ್ಸುಗಳಲ್ಲೂ ಸ್ಥಳೀಯ ಭಾಷೆಯಲ್ಲಿ ಪರೀಕ್ಷೆ ಬರೆಯಲು ಅವಕಾಶ ಕೊಡುವಂತೆ ಯುಜಿಸಿ 2023ರ ಏಪ್ರಿಲ್‌ನಲ್ಲಿ ಎಲ್ಲ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದಿದೆ. ಬೋಧನೆಯಲ್ಲೂ ಆ ಭಾಷೆ ಬಳಕೆಯಾಗಲಿ ಎಂದು ಅದೇ ಪತ್ರದಲ್ಲಿ ಹೇಳಿದೆ. ನಮ್ಮಲ್ಲಿ ಬರೆಯುವ ಅವಕಾಶವೇನೋ ಇದೆ, ಓದುವುದಕ್ಕೆ ಪುಸ್ತಕವಿಲ್ಲ.

ಅತಿಥಿ ಉಪನ್ಯಾಸಕರ ನೇಮಕಾತಿ ಆದೇಶ ತರಗತಿ ಆರಂಭವಾಗುವ ದಿನಕ್ಕೆ ಮೊದಲೇ ಬರಬೇಕು, ಗೌರವಧನ ತಿಂಗಳು ತಿಂಗಳು ಪಾವತಿಯಾಗಬೇಕು. ಒಂದು ತರಗತಿಗೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50,000 ರೂಪಾಯಿ ಎಂದು ಯುಜಿಸಿ 2019ರಲ್ಲೇ ಹೇಳಿದೆ. ಇದು ಅವರ ಬೇಡಿಕೆ, ನಿಮಗೇಕೆ ಎಂದು ತಾವು ಕೇಳಬಹುದು. ಅವರಿಗೆ ಸಂಬಳ ಆಗದಿದ್ದಾಗ ನಮಗೆ ಪಾಠ ಆಗಲಿಲ್ಲ ಎಂಬುದಷ್ಟೇ ನಮ್ಮ ಉತ್ತರ.

ಕಂಪ್ಯೂಟರ್ ಲ್ಯಾಬಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೀಗದ ಕೈ ಇರುವ ಗುಮಾಸ್ತರು ರಜೆ ಹಾಕಿದರೆ ಲ್ಯಾಬಿಗೂ ರಜೆ. ಇಕನಾಮೆಟ್ರಿಕ್ಸ್ ಅಭ್ಯಾಸಕ್ಕೆ ಬೇಕಾದ ‘ಆರ್’ ಎಂಬ ತಂತ್ರಾಂಶ ಉಚಿತ. ಕೇಂದ್ರ ಸರ್ಕಾರದ ಕಾರ್ಮಿಕ ಬಲ ಸಮೀಕ್ಷೆಯ ದತ್ತಾಂಶವೂ ಉಚಿತವೇ. ವಾರಕ್ಕೆ ಎರಡು ದಿನ ಬಾಗಿಲು ತೆರೆಸಿದರೆ ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ.

ಕೊನೆಯದಾಗಿ ಪಠ್ಯಕ್ರಮದ ಮಾತು. ಅರ್ಥಶಾಸ್ತ್ರದ ಪ್ರಾಧ್ಯಾಪಕರೂ ಕುಲಪತಿಯೂ ಆಗಿದ್ದ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ರಾಜ್ಯ ಸರ್ಕಾರಕ್ಕೆ ವರದಿ ಕೊಟ್ಟಿತು. ಆಗಿದ್ದ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು, 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಅದು ಗುರುತಿಸಿತು. ನಮ್ಮಲ್ಲಿ ಅನೇಕರು ಆ ತಾಲ್ಲೂಕುಗಳಿಂದಲೇ ಬಂದವರು. ಸೂಚ್ಯಂಕ ಕಟ್ಟುವುದು ಹೇಗೆ ಎಂಬ ಪಾಠಕ್ಕೆ ನಮಗೆ ಇದಕ್ಕಿಂತ ಹತ್ತಿರದ ಉದಾಹರಣೆ ಇನ್ನೊಂದಿಲ್ಲ. ಆದರೆ ಎರಡು ವರ್ಷದ ಕೋರ್ಸಿನಲ್ಲಿ ಆ ವರದಿಯ ಒಂದು ಪುಟವನ್ನೂ ನಾವು ಓದಿಲ್ಲ. ಮುಂದಿನ ತಂಡದವರಿಗಾದರೂ ಅದು ಪಠ್ಯವಾಗಲಿ.

ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣೆಗಾಗಿ ಯುಜಿಸಿ 2023ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ದೂರು ತಲುಪಿದ 15 ಕೆಲಸದ ದಿನಗಳೊಳಗೆ ತಮ್ಮ ಸಮಿತಿ ವರದಿ ಸಲ್ಲಿಸಬೇಕಿದೆ. ನಮ್ಮಲ್ಲಿ ಇಬ್ಬರನ್ನು ಕರೆಸಿ ಅಹವಾಲು ಕೇಳಬೇಕೆಂದೂ, ಅನುತ್ತೀರ್ಣರಾದವರು ಮರುಪರೀಕ್ಷೆಗೆ ಶುಲ್ಕ ಕಟ್ಟುವ ಕೊನೆಯ ದಿನಕ್ಕೆ ಮೊದಲೇ ತಮ್ಮ ತೀರ್ಮಾನವನ್ನು ಲಿಖಿತವಾಗಿ ತಿಳಿಸಬೇಕೆಂದೂ ಕೋರುತ್ತೇವೆ. ಪ್ರಶ್ನೆಪತ್ರಿಕೆಯ ಪ್ರತಿಯನ್ನು ಇದರೊಂದಿಗೆ ಲಗತ್ತಿಸಿದ್ದೇವೆ.



ತಮ್ಮ ವಿಶ್ವಾಸಿಗಳು,
ಎಂ.ಎ. ಅರ್ಥಶಾಸ್ತ್ರ ಎರಡನೇ ವರ್ಷದ ವಿದ್ಯಾರ್ಥಿಗಳು
(ಸಹಿಗಳು ಹಿಂಬದಿಯಲ್ಲಿವೆ)

ಪ್ರತಿ: ಮಾನ್ಯ ಕುಲಪತಿಗಳು; ಕುಲಸಚಿವರು (ಮೌಲ್ಯಮಾಪನ); ಅಧ್ಯಕ್ಷರು, ಅರ್ಥಶಾಸ್ತ್ರ ಅಧ್ಯಯನ ಮಂಡಳಿ.